ಕೇಳುವವರಿಲ್ಲದ ಗಡಿಗೆ ಹೊರಡುವ ಮುನ್ನ

ನೇಪಾಳಕ್ಕೆ ಹೊರಟಿದ್ದೇವೆ ಎಂದರೆ ನಮ್ಮೂರಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಸಿಂಗಪುರ, ದುಬೈ ಎಂದಿದ್ದರೆ ಮನೆಗೇ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದವರು ನೇಪಾಳ ಎಂದ ಕೂಡಲೇ ‘ಕಾಶಿಗೆ ಹೋದೋರು ಹಾಗೇ ಒಂದು ಸುತ್ತು ಹಾಕಿ ಬರ್ತಾರಲ್ಲ, ಅದೇ ತಾನೆ?’ ಎಂದು ಮಾತು ಮುಗಿಸಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರಂತೂ ತೀರ್ಪನ್ನೇ ಕೊಟ್ಟರು: ‘ಅದೆಂಥ ಫಾರಿನ್ನು? ವೀಸಾ ಬೇಡ, ಪಾಸ್‌ಪೋರ್ಟೂ ಬೇಡ. ಚೀಲ ಹೆಗಲಿಗೆ ಹಾಕ್ಕೊಂಡ್ರೆ ಆಯ್ತು.’

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. 1950ರ ಜುಲೈ 31ರಂದು ಸಹಿಯಾದ ಭಾರತ–ನೇಪಾಳ ಶಾಂತಿ ಮತ್ತು ಮೈತ್ರಿ ಒಪ್ಪಂದದ ಏಳನೇ ಕಲಮಿನ ಪ್ರಕಾರ ಒಂದು ದೇಶದ ಪ್ರಜೆ ಇನ್ನೊಂದು ದೇಶದಲ್ಲಿ ಓಡಾಡಬಹುದು, ನೆಲೆಸಬಹುದು, ವ್ಯಾಪಾರ ಮಾಡಬಹುದು. ಉತ್ತರಾಖಂಡದಿಂದ ಸಿಕ್ಕಿಂವರೆಗೆ ಸುಮಾರು 1,750 ಕಿಲೋಮೀಟರ್ ಉದ್ದದ ಗಡಿಗೆ ಬೇಲಿಯೇ ಇಲ್ಲ. ಈಚೆಯ ಹುಡುಗಿಯನ್ನು ಆಚೆಗೆ ಕೊಡುತ್ತಾರೆ, ಆಚೆಯ ಹುಡುಗಿಯನ್ನು ಈಚೆಗೆ ತಂದುಕೊಳ್ಳುತ್ತಾರೆ. ವಾರದ ಸಂತೆಗೆ ದೇಶ ದಾಟಿ ಹೋಗಿ ಸಂಜೆಗೆ ಮನೆ ಸೇರುವವರಿದ್ದಾರೆ.

ವೀಸಾ ಅರ್ಜಿ ಒಂದು ಪೀಡೆ, ಸಂಶಯವಿಲ್ಲ. ಆದರೆ ಆ ಪೀಡೆ ನಮ್ಮಿಂದ ಕೆಲವು ಕೆಲಸ ಮಾಡಿಸಿಕೊಳ್ಳುತ್ತದೆ. ಎಲ್ಲಿ ಉಳಿಯುತ್ತೀರಿ, ಕೈಯಲ್ಲಿ ದುಡ್ಡೆಷ್ಟಿದೆ, ಯಾವತ್ತು ವಾಪಸು, ಅಲ್ಲಿ ನಿಮಗೆ ಯಾರು ಗೊತ್ತು ಎಂದೆಲ್ಲ ಕೇಳಿ, ಇದು ನಿಮ್ಮ ಮನೆಯಲ್ಲ ಎಂದು ನಾಲ್ಕು ಪುಟಗಳಲ್ಲಿ ನೆನಪಿಸುತ್ತದೆ. ಅರ್ಜಿಯೇ ಇಲ್ಲದ ಕಡೆ ಈ ಪ್ರಶ್ನೆಗಳನ್ನು ಕೇಳುವವರಿಲ್ಲ. ಹಾಗಾಗಿ ನಮ್ಮ ಜನ ನೇಪಾಳವನ್ನು ಪರದೇಶವೆಂದು ಎಣಿಸುವುದನ್ನೇ ಬಿಟ್ಟಿದ್ದಾರೆ. ನನಗೆ ಇದು ಸರಿಕಾಣಲಿಲ್ಲ. ಕಾನ್ಸುಲೇಟಿನವರು ಕೇಳದಿದ್ದರೇನು, ನಾವೇ ಕೇಳಿಕೊಳ್ಳೋಣ ಎಂದು ಒಂದು ಹಳೆಯ ಡೈರಿ ತೆಗೆದುಕೊಂಡು ಕುಳಿತೆ.

ಹೊರಡುವವರು ನಾಲ್ಕು ಜನ: ನಾನು, ನಮ್ಮನೆಯವರು, ಎಪ್ಪತ್ತು ದಾಟಿದ ಅತ್ತೆ, ಪಿಯುಸಿ ಓದುತ್ತಿರುವ ಅಕ್ಕನ ಮಗಳು. ಅತ್ತೆಗೆ ಪಶುಪತಿನಾಥನ ದರ್ಶನ ಆಗಬೇಕು. ಅಕ್ಕನ ಮಗಳಿಗೆ ಹಿಮಾಲಯ ಕಾಣಬೇಕು, ಅದಕ್ಕಿಂತ ಹೆಚ್ಚಾಗಿ ಗೆಳತಿಯರಿಗೆ ತೋರಿಸಲು ಒಂದು ಠಸ್ಸೆ ಬೇಕು. ಹೋಗುವಾಗ ರೈಲಿನಲ್ಲಿ ಗೋರಖಪುರ, ಅಲ್ಲಿಂದ ಸುನೌಲಿ ಗಡಿ, ಲುಂಬಿನಿ, ಕಠ್ಮಂಡು. ಬರುವಾಗ ಅತ್ತೆಯ ಮಂಡಿನೋವಿನ ಸಲುವಾಗಿ ವಿಮಾನ. ತೊಡಕು ಹುಟ್ಟಿದ್ದು ಈ ವಿಮಾನದಿಂದಲೇ.

ರಸ್ತೆಯ ಗಡಿಯಲ್ಲಿ ಗುರುತಿನ ಚೀಟಿ ಕೇಳಿದರೂ ಕೇಳಿದರು, ಬಿಟ್ಟರೂ ಬಿಟ್ಟರು. ವಿಮಾನದಲ್ಲಿ ಹಾಗಲ್ಲ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ 814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದದ್ದು ನಮ್ಮ ತಲೆಮಾರಿಗೆ ನೆನಪಿದೆ. ಆಮೇಲೆಯೇ ಎರಡೂ ದೇಶಗಳ ನಡುವೆ ಹಾರುವವರಿಗೆ ಗುರುತಿನ ದಾಖಲೆ ಕಡ್ಡಾಯವಾದದ್ದು. ಭಾರತೀಯರಿಗೆ ಪಾಸ್‌ಪೋರ್ಟ್ ನಡೆಯುತ್ತದೆ, ಇಲ್ಲವೇ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. ಬ್ಯಾಂಕು, ಸಿಮ್ಮು, ಗ್ಯಾಸು, ರೇಷನ್ನು ಎಲ್ಲಕ್ಕೂ ಮುಂದೆ ಬರುವ ಆಧಾರ್ ಇಲ್ಲಿ ಸಾಲದು. ಪ್ಯಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸುಗಳೂ ಅಷ್ಟೆ. ಆದರೆ ಅರವತ್ತೈದು ದಾಟಿದವರಿಗೂ ಹದಿನೈದು ತುಂಬದವರಿಗೂ ವಿನಾಯಿತಿ ಇದೆ. ವಯಸ್ಸು ಮತ್ತು ಗುರುತು ತೋರಿಸುವ ಫೋಟೊ ಇರುವ ದಾಖಲೆ ಅವರಿಗೆ ಸಾಕು; 2019ರಿಂದ ಆಧಾರ್ ಕೂಡ ಆ ಪಟ್ಟಿಯಲ್ಲಿದೆ.

ಅಂದರೆ ಮನೆಯಲ್ಲಿ ಯಾರ ಕಾಗದಪತ್ರ ಏನಾಗುತ್ತದೋ ಎಂದು ನಾವು ಹೆದರಿದ್ದೆವೋ ಆ ಅತ್ತೆಯೇ ಎಲ್ಲರಿಗಿಂತ ಸಲೀಸು. ‘ನಂದು ಆಧಾರಲ್ಲೇ ಆಗ್ತದಂತೆ, ನಿಂದೇ ಆಗೂದಿಲ್ವಂತೆ ಮಾರಾಯ್ತಿ’ ಎಂದು ಅವರು ಎರಡು ದಿನ ಮನೆಯಲ್ಲೆಲ್ಲ ಹೇಳಿಕೊಂಡು ಓಡಾಡಿದರು.

ನನ್ನ ಮತದಾರರ ಚೀಟಿಯನ್ನು ಕಪಾಟಿನಿಂದ ತೆಗೆದೆ. ಲ್ಯಾಮಿನೇಷನ್ ಮೂಲೆಯಲ್ಲಿ ಬಿಟ್ಟುಕೊಂಡಿದೆ. ಕಪ್ಪು–ಬಿಳುಪಿನ ಫೋಟೊದಲ್ಲಿ ಇರುವವಳು ನಾನೇ ಎಂದು ನಾನು ಹೇಳಬೇಕು, ಇನ್ನೊಬ್ಬರು ನಂಬಬೇಕು. ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚಿಗೆ ಸೇರಿದೆ. ತಿದ್ದಿಸಬೇಕೆಂದರೆ ನಮೂನೆ 8 ಭರ್ತಿ ಮಾಡಬೇಕು, ನಮ್ಮ ಮತಗಟ್ಟೆಯ ಅಧಿಕಾರಿಯಾದ ಅಂಗನವಾಡಿ ಟೀಚರು ಬಂದು ನೋಡಿ ಹೋಗಬೇಕು, ಹೊಸ ಚೀಟಿ ಅಂಚೆಯಲ್ಲಿ ಬರಬೇಕು. ನಮ್ಮನೆಯವರು ಸುಲಭದ ಉಪಾಯ ಹೇಳಿದರು: ಚೀಟಿಯನ್ನು ತಿದ್ದಿಸುವುದಕ್ಕಿಂತ ಆ ಹೆಚ್ಚಿನ ಅಕ್ಷರವನ್ನು ವಿಮಾನದ ಟಿಕೆಟ್ಟಿಗೂ ಸೇರಿಸಿಬಿಡುವುದು. ಹಾಗೇ ಮಾಡಿದೆವು. ದಾಖಲೆಯಲ್ಲಿ ಇರುವಂತೆಯೇ ಟಿಕೆಟ್ಟಿನಲ್ಲಿ ಇರಬೇಕು ಎನ್ನುವುದಷ್ಟೇ ನಿಯಮ, ನಿಮ್ಮ ಅಪ್ಪ ಇಟ್ಟ ಹೆಸರು ಯಾವುದು ಎಂದು ಯಾರೂ ಕೇಳುವುದಿಲ್ಲ.

ಉಳಿದವಳು ಅಕ್ಕನ ಮಗಳು. ಅವಳಿಗೆ ಹದಿನಾರು. ಮತ ಹಾಕುವ ವಯಸ್ಸಲ್ಲ, ವಿನಾಯಿತಿಯ ವಯಸ್ಸೂ ಅಲ್ಲ, ಪಾಸ್‌ಪೋರ್ಟ್ ಮಾಡಿಸಿಲ್ಲ. ಹದಿನೈದರಿಂದ ಹದಿನೆಂಟರ ನಡುವಿನ ಮಕ್ಕಳಿಗೆ ಅವರ ಶಾಲೆ ಅಥವಾ ಕಾಲೇಜಿನ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಒಂದು ಗುರುತಿನ ಪ್ರಮಾಣಪತ್ರ ಕೊಟ್ಟರೆ ನಡೆಯುತ್ತದೆ. ಆ ನಮೂನೆಯನ್ನು ಮುದ್ರಿಸಿಕೊಂಡು ಅವಳ ಕಾಲೇಜಿನ ಆಫೀಸಿಗೆ ಹೋದೆ.

ಗುಮಾಸ್ತರು ಕನ್ನಡಕ ಏರಿಸಿ ಹಾಳೆಯನ್ನು ಓದಿದರು. ‘ಯಾವ ಸ್ಕಾಲರ್‌ಶಿಪ್ಪಿಗೆ?’

‘ಸ್ಕಾಲರ್‌ಶಿಪ್ ಅಲ್ಲ ಸರ್, ನೇಪಾಳಕ್ಕೆ ಹೋಗ್ಲಿಕ್ಕೆ.’

‘ನೇಪಾಳಕ್ಕೆ ನಾವು ಹೇಗೆ ಕೊಡೋದು? ನಾವು ಟಿಸಿ ಕೊಡ್ತೀವಿ, ಸ್ಟಡಿ ಸರ್ಟಿಫಿಕೇಟ್ ಕೊಡ್ತೀವಿ.’

‘ಇದೂ ಒಂಥರಾ ಸ್ಟಡಿ ಸರ್ಟಿಫಿಕೇಟೇ ಸರ್. ಈ ಹುಡುಗಿ ನಮ್ಮವಳು ಅಂತ ಬರೆದು, ಫೋಟೊ ಅಂಟಿಸಿ, ಪ್ರಿನ್ಸಿಪಾಲರು ಸಹಿ ಮಾಡಿದ್ರೆ ಆಯ್ತು.’

ಅವರು ಇನ್ನೊಮ್ಮೆ ಓದಿದರು. ಪಕ್ಕದ ಮೇಜಿನವರನ್ನು ಕರೆದು ತೋರಿಸಿದರು. ಒಂದು ಪಿಯು ಕಾಲೇಜಿನ ಪ್ರಾಂಶುಪಾಲರ ಸಹಿಗೆ ಬೇರೊಂದು ದೇಶದ ವಿಮಾನ ನಿಲ್ದಾಣದಲ್ಲಿ ಬೆಲೆ ಇದೆ ಎನ್ನುವುದು ಅವರಿಬ್ಬರಿಗೂ ಹೊಸ ಸುದ್ದಿ. ಆಮೇಲೆ ನಡೆದ ಉಪಚಾರವೇ ಬೇರೆ. ಒಳ್ಳೆಯ ಲೆಟರ್‌ಹೆಡ್ ಹುಡುಕಿದರು, ಫೋಟೊದ ಮೇಲೆ ಅರ್ಧ, ಹಾಳೆಯ ಮೇಲೆ ಅರ್ಧ ಬರುವಂತೆ ಅಳತೆ ನೋಡಿ ಮೊಹರು ಒತ್ತಿದರು. ಮಸಿ ಒಣಗಲೆಂದು ಫ್ಯಾನಿನ ಕೆಳಗೆ ಹಿಡಿದು ನಿಂತರು. ‘ಅಲ್ಲಿ ಏನಾದ್ರೂ ಕೇಳಿದ್ರೆ ಆಫೀಸಿನ ನಂಬರಿಗೆ ಫೋನ್ ಮಾಡ್ಸಿ’ ಎಂದೂ ಹೇಳಿ ಕಳುಹಿಸಿದರು.

ಕಾಗದದ ಕೆಲಸ ಮುಗಿಯುತ್ತಿದ್ದ ಹಾಗೆ ಕಠ್ಮಂಡು ಹೊತ್ತಿ ಉರಿಯಿತು. 2025ರ ಸೆಪ್ಟೆಂಬರ್ 8ರಂದು, ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿದ್ದಕ್ಕೆ ಮತ್ತು ಅದಕ್ಕಿಂತ ಹಳೆಯದಾದ ಭ್ರಷ್ಟಾಚಾರದ ಸಿಟ್ಟಿಗೆ ಬೀದಿಗಿಳಿದ ಯುವಜನರ ಮೇಲೆ ಗುಂಡು ಹಾರಿತು. ಮರುದಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಸಂಸತ್ ಭವನಕ್ಕೂ ಸರ್ಕಾರದ ಆಡಳಿತ ಕೇಂದ್ರವಾದ ಸಿಂಹ ದರ್ಬಾರಿಗೂ ಬೆಂಕಿ ಬಿತ್ತು. ವಿಮಾನ ನಿಲ್ದಾಣ ಮುಚ್ಚಿತು. ಪ್ರವಾಸಕ್ಕೆ ಹೋಗಿದ್ದ ಕನ್ನಡಿಗರೂ ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬಂತು. ಮೊನ್ನೆಯವರೆಗೆ ‘ಅದೆಂಥ ಫಾರಿನ್ನು’ ಎನ್ನುತ್ತಿದ್ದ ಮೇಷ್ಟ್ರು ಕಾಂಪೌಂಡಿನಾಚೆಯಿಂದ ‘ಪರದೇಶ ಕಣಮ್ಮ, ಎಂಥ ಹುಚ್ಚು ಸಾಹಸ’ ಎಂದರು. ನನಗೆ ಒಳಗೊಳಗೇ ಖುಷಿಯಾಯಿತು ಎಂದರೆ ತಪ್ಪಾಗುತ್ತದೆ. ಆದರೆ ಒಂದು ದೇಶ ಪರದೇಶವೆನಿಸಲು ಅದು ಉರಿಯಬೇಕಾಯಿತಲ್ಲ ಎಂದು ಬೇಸರವಂತೂ ಆಯಿತು.

12ನೇ ತಾರೀಕು ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಅವರು ಓದಿದ್ದು ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂದು ಓದಿ ಹೇಳಿದಾಗ ಅತ್ತೆಗೆ ಅದೇ ಒಂದು ಭರವಸೆ. ನಾವು ಹೊರಡಬೇಕಿದ್ದದ್ದು ನವೆಂಬರಿನಲ್ಲಿ. ಟಿಕೆಟ್ ರದ್ದು ಮಾಡಲಿಲ್ಲ. ರೈಲಿನ ಮುಂಗಡ ಬುಕಿಂಗ್ ಈಗ ಅರವತ್ತು ದಿನಕ್ಕೆ ಇಳಿದಿರುವುದರಿಂದ ತೀರ ಮೊದಲೇ ಮಾಡಿಟ್ಟು ಪರದಾಡುವ ಪ್ರಶ್ನೆಯೂ ಇರಲಿಲ್ಲ. ಪ್ರವಾಸ ವಿಮೆ ಮಾಡಿಸಿದೆವು, ಕಠ್ಮಂಡುವಿನ ನಮ್ಮ ರಾಯಭಾರ ಕಚೇರಿಯ ಸಹಾಯವಾಣಿಯನ್ನು ಡೈರಿಯ ಮೊದಲ ಪುಟದಲ್ಲಿ ಬರೆದೆವು. ಹಿಂದೆ ನೇಪಾಳಕ್ಕೆ ಹೋಗಿಬಂದ ಪರಿಚಯದವರಲ್ಲಿ ವಿಮೆ ಮಾಡಿಸಿದವರು ಒಬ್ಬರೂ ಇರಲಿಲ್ಲ.

ಯಾವಾಗ ಹೋಗಬೇಕು ಎಂದು ನಿಜವಾಗಿ ತೀರ್ಮಾನಿಸಿದವನು ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಗೋಬಿ ಮಂಚೂರಿಯ ಗಾಡಿ ಇಟ್ಟಿರುವ ನೇಪಾಳದ ಹುಡುಗ. ಶಿವಮೊಗ್ಗಕ್ಕೆ ಬಂದು ವರ್ಷಗಳಾದವು, ಕನ್ನಡ ಚೆನ್ನಾಗಿ ಆಡುತ್ತಾನೆ. ಅವನೂ ಅದೇ ಒಪ್ಪಂದದ ಏಳನೇ ಕಲಮಿನ ಮೇಲೆಯೇ ಇಲ್ಲಿ ನಿಂತಿದ್ದಾನೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ‘ಅಕ್ಕಾ, ದಸರಾಕ್ಕೆ ಹೋಗ್ಬೇಡಿ. ಅಲ್ಲಿ ಹದಿನೈದು ದಿನದ ಹಬ್ಬ. ಬಸ್ಸು ಫುಲ್, ಅಂಗಡಿ ಬಂದ್. ನಾವೆಲ್ಲ ಆಗಲೇ ಊರಿಗೆ ಹೋಗೋದು. ತಿಹಾರ್ ಮುಗಿಸಿ ಹೋಗಿ, ಬೆಟ್ಟ ಚೆನ್ನಾಗಿ ಕಾಣ್ತದೆ’ ಎಂದ. ದಸರೆಗೆ ಅಲ್ಲಿ ದಶೈಂ ಎನ್ನುತ್ತಾರೆ, ತಿಹಾರ್ ಎಂದರೆ ನಮ್ಮ ದೀಪಾವಳಿಯ ದಿನಗಳು. ಮಳೆಗಾಲದಲ್ಲಂತೂ ಕಠ್ಮಂಡುವಿನ ಹೆದ್ದಾರಿಯ ಮೇಲೆ ಗುಡ್ಡ ಜಾರುತ್ತದೆ. 2024ರ ಜುಲೈಯಲ್ಲಿ ಎರಡು ಬಸ್ಸುಗಳನ್ನೇ ತ್ರಿಶೂಲಿ ನದಿಗೆ ತಳ್ಳಿತ್ತು.

ಅವನೇ ಇನ್ನೊಂದು ಹೇಳಿದ. ‘ಅಲ್ಲಿ ಶನಿವಾರ ರಜ. ಭಾನುವಾರ ಅಂದ್ಕೊಂಡು ಪ್ಲಾನ್ ಮಾಡ್ಬೇಡಿ.’ ರಜೆ ಶನಿವಾರ, ವರ್ಷ ವಿಕ್ರಮ ಶಕೆಯದು. ನಾವು ಹೋಗುವಾಗ ಅಲ್ಲಿ 2082 ನಡೆಯುತ್ತಿತ್ತು. ಗಡಿಯಾರ ನಮಗಿಂತ ಹದಿನೈದು ನಿಮಿಷ ಮುಂದೆ. ನಮ್ಮ ಸಮಯ ಮಿರ್ಜಾಪುರದ ಹತ್ತಿರ ಹಾಯುವ ರೇಖಾಂಶದ್ದಾದರೆ ಅವರದ್ದು ಗೌರೀಶಂಕರ ಶಿಖರದ ಮೇಲೆ ಹಾಯುವ ರೇಖಾಂಶದ್ದು, 1986ರಿಂದ ಹೀಗಿದೆ. ಹದಿನೈದೇ ನಿಮಿಷಕ್ಕೆ ಇಷ್ಟೆಲ್ಲ ಹಠ ಯಾಕೆ ಎಂದು ನಮ್ಮನೆಯವರು ನಕ್ಕರು. ನನಗೆ ಆ ಹಠ ಹಿಡಿಸಿತು. ದೊಡ್ಡ ನೆರೆಯವನ ಪಕ್ಕದಲ್ಲಿ ಬದುಕುವವರು ತಮ್ಮ ಗಡಿಯಾರವನ್ನಾದರೂ ತಮ್ಮ ಬೆಟ್ಟಕ್ಕೆ ಹೊಂದಿಸಿಕೊಳ್ಳಲಿ.

ದುಡ್ಡಿನ ಕಥೆ ಬೇರೆ. 1993ರಿಂದ ನಮ್ಮ ನೂರು ರೂಪಾಯಿಗೆ ಅವರ ನೂರ ಅರವತ್ತು. ಲೆಕ್ಕಕ್ಕೆ ಏನೂ ತ್ರಾಸವಿಲ್ಲ, ಬಹಳ ಕಡೆ ನಮ್ಮ ನೋಟನ್ನೇ ತೆಗೆದುಕೊಳ್ಳುತ್ತಾರೆ. ಆದರೆ 2016ರಲ್ಲಿ ನಾವು ಐನೂರು, ಸಾವಿರದ ನೋಟು ರದ್ದು ಮಾಡಿದಾಗ ನೇಪಾಳದ ಜನರ ಮನೆಗಳಲ್ಲೂ ಬ್ಯಾಂಕುಗಳಲ್ಲೂ ಇದ್ದ ಹಳೆಯ ನೋಟುಗಳಿಗೆ ದಿಕ್ಕಿಲ್ಲದಂತಾಯಿತು. 2018ರ ಡಿಸೆಂಬರಿನಲ್ಲಿ ಅಲ್ಲಿನ ಸರ್ಕಾರ ನೂರಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ಬಳಸಕೂಡದೆಂದು ಆದೇಶ ಹೊರಡಿಸಿತು. ಈ ಕಟ್ಟಳೆ ಈಚೆಗೆ ಸಡಿಲಾಗುತ್ತಿದೆ, ಹಾಗಾಗಿ ಹೊರಡುವ ವಾರದಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ನಾವು ನೂರರ ನೋಟಿನ ಕಂತೆಗಳನ್ನೇ ಒಯ್ದೆವು. ಬ್ಯಾಂಕಿನ ಕ್ಯಾಷಿಯರ್ ‘ಮದ್ವೆನಾ ಮೇಡಂ?’ ಎಂದು ಕೇಳಿದರು. 2024ರ ಮಾರ್ಚಿನಿಂದ ನೇಪಾಳದ ಫೋನ್‌ಪೇ ಸಂಸ್ಥೆಯ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ಹೆಸರು ನಮ್ಮ ಫೋನ್‌ಪೇ ಥರವೇ ಕೇಳಿಸಿದರೂ ಕಂಪನಿ ಬೇರೆ. ಆದರೂ ಗುಡ್ಡದ ದಾರಿಯ ಚಹಾದಂಗಡಿಯಲ್ಲಿ ನೆಟ್‌ವರ್ಕನ್ನು ನಂಬಿ ಕೂರುವ ಧೈರ್ಯ ನಮಗಿರಲಿಲ್ಲ.

ಬಟ್ಟೆಬರೆಯ ವಿಷಯ ಹೇಳುವಂಥದ್ದೇನಿಲ್ಲ. ಕಠ್ಮಂಡು ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿದೆ, ನವೆಂಬರಿನ ಬೆಳಗ್ಗೆ ಸ್ವೆಟರು ಬೇಕು. ಅತ್ತೆಯ ಗಂಟಿನ ಬಗ್ಗೆ ಹೇಳಬೇಕು. ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಅವಲಕ್ಕಿ, ಬಿಪಿ ಮಾತ್ರೆ, ಮಾತ್ರೆಯ ಚೀಟಿ. ಇದೆಲ್ಲ ಒಂದು ಚೀಲದಲ್ಲಿ ಇಡುತ್ತಿದ್ದವರು ‘ದೇವರ ಪೆಟ್ಟಿಗೆಯದ್ದೂ ಅಲ್ಲಿದೇ ಅಂತೆ, ಹೌದಾ?’ ಎಂದು ಕೇಳಿದರು.

ಹೌದು. ತೀರ್ಥಹಳ್ಳಿಯ ತವರಿನಿಂದ ಬಂದ ಆ ಪೆಟ್ಟಿಗೆಯಲ್ಲಿ ಒಂದು ಸಾಲಿಗ್ರಾಮವಿದೆ. ನಿತ್ಯ ಅಭಿಷೇಕದಿಂದ ನುಣ್ಣಗಾದ ಕಪ್ಪು ಕಲ್ಲು. ಒಂದು ಪಕ್ಕದಲ್ಲಿ ಸಣ್ಣ ಬಾಯಿ, ಬೆಳಕಿಗೆ ಹಿಡಿದರೆ ಒಳಗೆ ಸುರುಳಿಯ ಗೆರೆಗಳು. ವಿಷ್ಣುವಿನ ಚಕ್ರ ಎಂದು ನಾವು ಕೈಮುಗಿಯುವ ಆ ಸುರುಳಿ ಅಮೊನೈಟ್ ಎಂಬ ಸಮುದ್ರಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಸಮುದ್ರವಿತ್ತು. ಆ ಸಮುದ್ರದ ತಳದ ಕೆಸರು ಕಲ್ಲಾಗಿ, ಬೆಟ್ಟವಾಗಿ, ಕಾಳಿ ಗಂಡಕಿ ನದಿಗೆ ಉರುಳಿ ಬಿದ್ದು ಸಾಲಿಗ್ರಾಮವಾಯಿತು. ಕಾಳಿ ಗಂಡಕಿ ಹರಿಯುವುದು ನೇಪಾಳದ ಮುಸ್ತಾಂಗಿನಲ್ಲಿ, ಮುಕ್ತಿನಾಥದ ಕೆಳಗೆ. ಉಡುಪಿಯಿಂದ ಮಂತ್ರಾಲಯದವರೆಗೆ ಪೂಜೆಗೊಳ್ಳುವ ಸಾಲಿಗ್ರಾಮಗಳ ತವರು ಅದೇ ನದಿ. ನಮ್ಮ ಮನೆಯ ಅತಿ ಹಳೆಯ ವಸ್ತು ನೇಪಾಳದ್ದು ಎಂದು ಗೊತ್ತಾದದ್ದು ನನಗೆ ಈ ತಯಾರಿಯಲ್ಲಿ ಸಿಕ್ಕ ಲಾಭ.

ಪಶುಪತಿನಾಥನದ್ದೂ ಇಂಥದೇ ನಂಟು. ಬಾಗ್ಮತಿಯ ದಡದ ಆ ಗುಡಿಯ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ಇರುವುದು ಭಟ್ಟರೆನಿಸಿಕೊಂಡ ಕೆಲವೇ ಅರ್ಚಕರಿಗೆ. ಅವರು ದಕ್ಷಿಣದಿಂದ, ಬಹುಪಾಲು ಕರ್ನಾಟಕದಿಂದ ಹೋದವರು. ಶಂಕರಾಚಾರ್ಯರು ಹಾಕಿಕೊಟ್ಟ ಪದ್ಧತಿ ಎನ್ನುವುದು ಐತಿಹ್ಯ. ಅವರ ಜೊತೆ ಸೇವೆಗೆ ನಿಲ್ಲುವ ಭಂಡಾರಿಗಳು ಅಲ್ಲಿನ ನೇವಾರ ಸಮುದಾಯದವರು. ಅತ್ತೆಗೆ ಇದು ಮೊದಲೇ ಗೊತ್ತಿತ್ತು. ‘ನಮ್ಮ ಕಡೆಯ ಭಟ್ರೇ ಅಲ್ಲಿ ಪೂಜೆ ಮಾಡೂದು’ ಎನ್ನುವಾಗ ಅವರ ದನಿ ಒಂದು ಮೆಟ್ಟಿಲು ಏರುತ್ತಿತ್ತು.

ನಾನು ಅವರಿಗೆ ಮಿಕ್ಕ ಕಥೆಯನ್ನೂ ಹೇಳಿದೆ. ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದ 2008ರ ಕೊನೆಯಲ್ಲಿ ಮಾವೋವಾದಿಗಳ ಸರ್ಕಾರ ಭಾರತದ ಭಟ್ಟರ ಬದಲು ನೇಪಾಳದ ಅರ್ಚಕರನ್ನು ನೇಮಿಸಿತು. ಗಲಾಟೆಯಾಯಿತು, ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಸರ್ಕಾರ ಹಿಂದೆ ಸರಿಯಿತು. 2009ರ ಸೆಪ್ಟೆಂಬರಿನಲ್ಲಿ ಹೊಸದಾಗಿ ನೇಮಕವಾದ ಕರ್ನಾಟಕದ ಇಬ್ಬರು ಅರ್ಚಕರ ಮೇಲೆ ದೇವಸ್ಥಾನದಲ್ಲೇ ಹಲ್ಲೆ ನಡೆಯಿತು. ಹೊಡೆದದ್ದು ಖಂಡಿತ ತಪ್ಪು. ಆದರೆ ನಮ್ಮ ಧರ್ಮಸ್ಥಳದಲ್ಲೋ ಕೊಲ್ಲೂರಿನಲ್ಲೋ ಗರ್ಭಗುಡಿಗೆ ಹೊರದೇಶದವರಷ್ಟೇ ಹೋಗಬಹುದು ಎಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ ಎಂದು ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಅಲ್ಲಿ ಹೋಗಿ ದೊಡ್ಡ ಗಂಟ್ಲಲ್ಲಿ ಹೇಳೂದು ಬೇಡ ಹಾಗಾದ್ರೆ’ ಎಂದರು. ನಮ್ಮ ಇಡೀ ತಯಾರಿಯಲ್ಲಿ ಇಷ್ಟು ಒಳ್ಳೆಯ ನಿರ್ಧಾರ ಇನ್ನೊಂದಿಲ್ಲ.

ಚರಿತ್ರೆ ಓದಿಕೊಂಡು ಹೋಗುವವರಿಗೆ ಹೀಗೆ ದೊಡ್ಡ ಗಂಟಲಲ್ಲಿ ಹೇಳಿಕೊಳ್ಳುವ ಅಪಾಯ ಹೆಚ್ಚು. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ಕರ್ಣಾಟ ವಂಶದವನು. ಅವನ ರಾಜಧಾನಿ ಸಿಮ್ರೌನ್‌ಗಢದ ಅವಶೇಷಗಳು ಇಂದು ನೇಪಾಳದ ಬಾರಾ ಜಿಲ್ಲೆಯಲ್ಲಿವೆ. ಕಲ್ಯಾಣ ಚಾಲುಕ್ಯರ ದಂಡಿನೊಡನೆ ಉತ್ತರಕ್ಕೆ ಹೋದವರಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. 1324ರಲ್ಲಿ ಘಿಯಾಸುದ್ದೀನ್ ತುಘಲಕನ ಸೈನ್ಯ ಬಂದಾಗ ಆ ವಂಶದ ಹರಿಸಿಂಹದೇವ ಬೆಟ್ಟದತ್ತ ಓಡಿದ. ಇದನ್ನು ಓದಿದ ಕನ್ನಡಿಗನಿಗೆ ಎದೆ ಉಬ್ಬುವುದು ಸಹಜ. ಆದರೆ ಅದನ್ನು ಹಿಡಿದುಕೊಂಡು ಕಠ್ಮಂಡುವಿನ ಹೋಟೆಲಿನಲ್ಲಿ ‘ನಿಮ್ಮನ್ನು ನಾವು ಆಳಿದ್ದೆವು’ ಎಂಬ ಧಾಟಿ ತೆಗೆದರೆ ಊಟ ಸಪ್ಪಗಾಗುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತಾಗ ಭಾರತ ಮೊದಲು ಓಡಿಹೋಗಿ ನೆರವಾದದ್ದು ಅವರಿಗೆ ನೆನಪಿದೆ. ಅದೇ ವರ್ಷದ ಸೆಪ್ಟೆಂಬರಿನಿಂದ ಗಡಿಯಲ್ಲಿ ಲಾರಿಗಳು ನಿಂತು, ಚಳಿಗಾಲದಲ್ಲಿ ಗ್ಯಾಸಿಲ್ಲದೆ ಸೌದೆ ಉರಿಸಿದ್ದೂ ನೆನಪಿದೆ. ಅದಕ್ಕೆ ಕಾರಣ ಯಾರೆಂಬ ಬಗ್ಗೆ ದೆಹಲಿ ಒಂದು ಹೇಳುತ್ತದೆ, ಕಠ್ಮಂಡು ಇನ್ನೊಂದು ಹೇಳುತ್ತದೆ. ಪ್ರವಾಸಿಯಾಗಿ ಹೋದವರು ಕೇಳಿಸಿಕೊಂಡರೆ ಸಾಕು.

ಯಶವಂತಪುರದಿಂದ ರೈಲು ಹತ್ತಿ, ನಾಗಪುರ, ಲಖನೌ ದಾಟಿ ಗೋರಖಪುರದಲ್ಲಿ ಇಳಿದೆವು. ಒಂದು ಕಾಲಕ್ಕೆ ಲೋಕದಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇಲ್ಲಿನದು, 1,366 ಮೀಟರ್. 2023ರ ಮಾರ್ಚಿನಲ್ಲಿ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ 1,507 ಮೀಟರಿನೊಂದಿಗೆ ಆ ಪಟ್ಟ ಕಿತ್ತುಕೊಂಡಿತು. ಅತ್ತೆಯನ್ನು ನಡೆಸಿಕೊಂಡು ಹೊರಗೆ ಬರುವಾಗ ಎರಡನೇ ಸ್ಥಾನದ್ದೇ ಸಾಕುಸಾಕೆನಿಸಿತು.

ಸುನೌಲಿಯಲ್ಲಿ ಬಸ್ಸು ಬಿಟ್ಟಲ್ಲಿಂದ ಕಮಾನಿನವರೆಗೆ ಲಾರಿಗಳ ಸಾಲು, ಸೈಕಲ್ ರಿಕ್ಷಾಗಳು, ನೋಟು ಬದಲಿಸಿಕೊಡುವವರ ಪೆಟ್ಟಿಗೆಯಂಗಡಿಗಳು. ಸಶಸ್ತ್ರ ಸೀಮಾ ಬಲದ ಯೋಧ ನಮ್ಮ ಚೀಲಗಳ ಕಡೆ ನೋಡಿ ಎಲ್ಲಿಂದ ಎಂದು ಹಿಂದಿಯಲ್ಲಿ ಕೇಳಿದ. ಕರ್ನಾಟಕ ಎಂದೆವು. ಹೋಗಿ ಎಂದು ಕೈಮಾಡಿದ. ಆಚೆ ಬದಿ ಬೆಲಹಿಯಾದಲ್ಲಿ ಬಿಳಿಯರ ಒಂದು ಜೋಡಿ ವಲಸೆ ಕಚೇರಿಯ ಮುಂದೆ ಡಾಲರ್ ಎಣಿಸುತ್ತಿತ್ತು. ಅವರಿಗೆ ಹದಿನೈದು ದಿನಕ್ಕೆ ಮೂವತ್ತು ಡಾಲರಿನ ವೀಸಾ. ಊರಿಗೆ ಮರಳುತ್ತಿದ್ದ ನೇಪಾಳದ ಕೂಲಿಯವರ ಚೀಲಗಳನ್ನು ಸುಂಕದವರು ಬಿಚ್ಚಿಸಿ ನೋಡುತ್ತಿದ್ದರು. ಭಾರತದ ನಂಬರಿನ ಕಾರಿನವರು ಭನ್ಸಾರ್ ಎಂಬ ವಾಹನ ಸುಂಕದ ಚೀಟಿಗೆ ಸಾಲು ನಿಂತಿದ್ದರು. ನಮ್ಮನ್ನು ಮಾತ್ರ ಯಾರೂ ತಡೆಯಲಿಲ್ಲ. ಅಕ್ಕನ ಮಗಳು ಪ್ರಾಂಶುಪಾಲರ ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ತಯಾರಾಗಿದ್ದಳು. ‘ಚಿಕ್ಕಮ್ಮ, ಇಷ್ಟೇನಾ? ಯಾರೂ ಠಸ್ಸೆ ಹಾಕಲ್ವಾ?’ ಎಂದಳು. ಅವಳ ಮುಖ ಸಣ್ಣದಾಯಿತು. ಅತ್ತೆ ಕಮಾನಿನ ಆಚೆ ನಿಂತು ‘ಇದು ನೇಪಾಳವಾ? ಮಣ್ಣು ಅದೇ ಉಂಟಲ್ಲ’ ಎಂದರು.

ಲುಂಬಿನಿ ಅಲ್ಲಿಂದ ಹತ್ತಿರ. ಅಶೋಕ ತನ್ನ ಆಳ್ವಿಕೆಯ ಇಪ್ಪತ್ತನೇ ವರ್ಷದಲ್ಲಿ ಬಂದು ನಿಲ್ಲಿಸಿದ ಕಂಬಕ್ಕೆ ಕಬ್ಬಿಣದ ಕಟಕಟೆ ಹಾಕಿದ್ದಾರೆ. ಬುದ್ಧ ಇಲ್ಲಿ ಹುಟ್ಟಿದನಾದ್ದರಿಂದ ಈ ಹಳ್ಳಿಯ ಕಂದಾಯವನ್ನು ಎಂಟನೇ ಒಂದಕ್ಕೆ ಇಳಿಸಿದ್ದೇನೆ ಎಂದು ಅದರಲ್ಲಿ ಕೆತ್ತಿಸಿದ್ದಾನೆ. ಪ್ರವಾಸಕ್ಕೆ ಬಂದ ದೊರೆ ಊರಿನವರಿಗೆ ಮಾಡಿಹೋದ ಉಪಕಾರಗಳಲ್ಲಿ ಇದಕ್ಕಿಂತ ಹಳೆಯದನ್ನು ನಾನು ಕಂಡಿಲ್ಲ. ಶಾಸನದಲ್ಲಿ ಅವನ ಹೆಸರು ದೇವಾನಾಂಪ್ರಿಯ ಪ್ರಿಯದರ್ಶಿ ಎಂದಷ್ಟೇ ಇದೆ. ಆ ದೇವಾನಾಂಪ್ರಿಯ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ. ಅಕ್ಕನ ಮಗಳಿಗೆ ಇದನ್ನು ಹೇಳಿದೆ, ಮೆಲ್ಲಗೆ ಹೇಳಿದೆ. ಪಕ್ಕದಲ್ಲಿ ಹಾದುಹೋದ ಬಸ್ಸಿನ ಹಿಂದೆ ಬುದ್ಧ ಹುಟ್ಟಿದ್ದು ನೇಪಾಳದಲ್ಲಿ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆ ದೇಶದ ಲಾರಿ, ಬಸ್ಸುಗಳ ಮೇಲೆ ಈ ವಾಕ್ಯ ಎಷ್ಟು ಸಲ ಕಣ್ಣಿಗೆ ಬೀಳುತ್ತದೆ ಎಂದರೆ, ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳಬೇಕಾಗಿಯೇ ಇಲ್ಲ.

ಪಶುಪತಿಯಲ್ಲಿ ಅತ್ತೆ ಕೈಮುಗಿದು ನಿಂತರು, ಯಾವ ಊರಿನವರೆಂದು ಯಾರಿಗೂ ಹೇಳಲಿಲ್ಲ. ಊಟದ ಚಿಂತೆ ಬೇಡ; ದಾಲ್–ಭಾತ್ ಅಲ್ಲಿನ ನಿತ್ಯದ ಊಟ, ಅನ್ನ ಸಾಕೆನ್ನುವವರೆಗೆ ಬಡಿಸುತ್ತಾರೆ. ಮಾಂಸ ತಿನ್ನುವವರು ಮೊಮೊ ಹೇಳುವ ಮೊದಲು ಯಾವುದರದ್ದೆಂದು ಕೇಳಿಕೊಳ್ಳಲಿ. ಎಮ್ಮೆ ಮಾಂಸದ್ದು ಅಲ್ಲಿ ಮಾಮೂಲು, ಗೋವಧೆ ಅಪರಾಧ.

ಕಠ್ಮಂಡು ವಿಮಾನ ನಿಲ್ದಾಣದಲ್ಲಿ ಆ ತನಕ ಯಾರೂ ನೋಡದ ಕಾಗದಗಳೆಲ್ಲ ಹೊರಬಂದವು. ಅತ್ತೆಯ ಆಧಾರನ್ನು ಅಧಿಕಾರಿ ಒಮ್ಮೆ ನೋಡಿ ವಾಪಸು ಕೊಟ್ಟ. ನನ್ನ ಮತದಾರರ ಚೀಟಿಯನ್ನು ಹಿಡಿದು ನನ್ನ ಮುಖ, ಫೋಟೊ, ಮತ್ತೆ ಮುಖ ನೋಡಿದ. ಕಾಗುಣಿತ ಟಿಕೆಟ್ಟಿಗೆ ಸರಿಹೊಂದಿತ್ತು. ಪ್ರಾಂಶುಪಾಲರ ಪತ್ರವನ್ನು ಮಾತ್ರ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿ, ಫೋಟೊದ ಮೇಲಿನ ಅರ್ಧ ಮೊಹರನ್ನು ಬೆರಳಿನಿಂದ ಮುಟ್ಟಿ ನೋಡಿ, ಸರಿ ಎಂದ. ಗುಮಾಸ್ತರಿಗೆ ಫೋನ್ ಮಾಡಿಸುವ ಸಂದರ್ಭ ಬರಲಿಲ್ಲ.

ಈ ಬೇಸಿಗೆಗೋ ಮುಂದಿನ ಚಳಿಗಾಲಕ್ಕೋ ನೇಪಾಳಕ್ಕೆ ಹೊರಡುವವರು ಟಿಕೆಟ್ ಮಾಡಿಸುವ ಮೊದಲು ಮತದಾರರ ಚೀಟಿಯನ್ನು ಕಪಾಟಿನಿಂದ ತೆಗೆದು ಹೆಸರು ಓದಿಕೊಳ್ಳಿ. ಫೋನಿನಲ್ಲಿರುವ ಚಿತ್ರವನ್ನು ನೆಚ್ಚಬೇಡಿ, ಮೂಲ ಚೀಟಿಯನ್ನೇ ಒಯ್ಯಿರಿ. ಹದಿನೈದು ದಾಟಿದ ಮಕ್ಕಳಿದ್ದರೆ ಕಾಲೇಜಿಗೆ ವಾರ ಮೊದಲೇ ಹೋಗಿ. ಗಡಿ ಜಿಲ್ಲೆಗಳಲ್ಲಿ ಚುನಾವಣೆ ಇದ್ದರೆ ಮತದಾನದ ಹೊತ್ತಿಗೆ ಗಡಿಯನ್ನೇ ಮುಚ್ಚುವುದುಂಟು, ಅದನ್ನೂ ವಿಚಾರಿಸಿ. ನಿಯಮ ಬದಲಾಗಿರಬಹುದು, ನನ್ನ ಮಾತನ್ನೇ ನಂಬಿ ಹೊರಡದೆ ರಾಯಭಾರ ಕಚೇರಿಯ ಪ್ರಕಟಣೆ ನೋಡಿ. ಅಕ್ಕನ ಮಗಳಂತೂ ಬಂದ ವಾರವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಳೆ.